ಓರೆ ಬುಡದ ಎಲೆ

ಕಾಲೇಜಿನ ಹಿಂಬದಿಯ ಕಟ್ಟಡದ ಎರಡನೇ ಮಹಡಿಯಲ್ಲಿ, ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ ಇಡುವ ಕೋಣೆಯೊಂದಿತ್ತು. ಅದನ್ನು ಮೂವತ್ತೊಂದು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಎಲ್ಲರೂ ಎಲೆಮೇಡಂ ಎನ್ನುತ್ತಿದ್ದರು. ಎದುರಿಗೂ ಹಾಗೇ, ಬೆನ್ನ ಹಿಂದೆಯೂ ಹಾಗೇ. ಆಕೆಯ ನಿಜವಾದ ಹೆಸರು ಸಂಬಳದ ಪುಸ್ತಕ ಬಿಟ್ಟರೆ ಮನೆಯಲ್ಲಿದ್ದ ಅಕ್ಕನ ಬಾಯಲ್ಲಿ ಮಾತ್ರ ಉಳಿದಿತ್ತು.

ಅವರ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಯಾರಾದರೂ ಬೇಲಿಯಂಚಿನಿಂದಲೋ ಹಳ್ಳದ ದಡದಿಂದಲೋ ಕಿತ್ತು ತಂದ ಕಾಡುಗಿಡ ಯಾವುದೆಂದು ಹೇಳಬೇಕು. ಎಲೆಗಳು ಎದುರುಬದುರು ಕೂತಿವೆಯೋ, ಒಂದಾದ ಮೇಲೊಂದು ಪರ್ಯಾಯವಾಗಿ ಬಂದಿವೆಯೋ. ಅಂಚು ನಯವೋ ಗರಗಸವೋ. ತೊಟ್ಟು ಮುರಿದರೆ ಹಾಲು ಬರುತ್ತದೆಯೋ ಇಲ್ಲವೋ. ಎಲೆಯ ಬೆನ್ನ ಮೇಲೆ ರೋಮವಿದೆಯೋ, ಇದ್ದರೆ ನೆಟ್ಟಗಿದೆಯೋ ಒರಗಿದೆಯೋ. ಹೀಗೆ ಒಂದೊಂದೇ ಕೇಳುತ್ತಾ, ಅಲ್ಲದ್ದನ್ನೆಲ್ಲ ಬಿಡುತ್ತಾ ಹೋದರೆ ಕೊನೆಗೆ ಒಂದು ಹೆಸರು ಉಳಿಯುತ್ತದೆ. ಅಷ್ಟು ತಾಳ್ಮೆ ಈಗ ಯಾರಿಗೂ ಇರಲಿಲ್ಲ. ಮುಷ್ಟಿಯಲ್ಲಿ ಹಿಂಡಿ ಹಿಡಿದ ಒಂದೆಲೆಯ ಫೋಟೋ ಕಳಿಸಿ ಏನು ಹೇಳಿ ಎನ್ನುತ್ತಿದ್ದರು. ಇವರು ತಿರುಗಿ ಪ್ರಶ್ನೆ ಹಾಕಿದರೆ, ಹೆಸರು ಕೇಳಿದರೆ ವಂಶಾವಳಿ ಕೇಳ್ತಾರಲ್ಲ ಎಂದು ಗೊಣಗುತ್ತಿದ್ದರು.

ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಅವರ ನಂತರ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಬೀರುಗಳನ್ನೆಲ್ಲ ದೊಡ್ಡ ಊರಿನ ಸಂಗ್ರಹಾಲಯಕ್ಕೆ ಸಾಗಿಸುತ್ತೇವೆ, ಅಷ್ಟರೊಳಗೆ ಒಂದು ಪಟ್ಟಿ ಮಾಡಿಕೊಡಿ ಎಂದು ಆಡಳಿತದವರು ಕಾಗದ ಕೊಟ್ಟಿದ್ದರು. ಇಪ್ಪತ್ತೆರಡು ಸಾವಿರ ಹಾಳೆ. ದಿನಕ್ಕೆ ಅರವತ್ತು ಮುಗಿದರೆ ಹೆಚ್ಚು. ಕತ್ತು ನೋಯುತ್ತಿತ್ತು, ನುಸಿಗುಳಿಗೆಯ ವಾಸನೆ ಕೂದಲಿಗೇ ಹತ್ತಿಕೊಂಡಿತ್ತು. ಅಂಥ ಒಂದು ಬೆಳಗ್ಗೆ, ಏಳನೇ ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು.

ಫೋನು ಮಾಡಿದವಳು ತುರ್ತು ವಾರ್ಡಿನ ಡಾಕ್ಟರಮ್ಮ. ಚಿಕ್ಕ ವಯಸ್ಸಿನವಳು, ಹಿಂದಿನ ದಿನದಿಂದ ಮನೆಗೇ ಹೋಗಿರಲಿಲ್ಲ. ಗಂಡ ಹೆಂಡತಿ ಇಬ್ಬರು, ಸೊಪ್ಪಿನ ಊಟ ಮಾಡಿ ತಲೆಕೆಟ್ಟವರ ಹಾಗೆ ಆಡುತ್ತಿದ್ದಾರೆ. ಏನೆಂದು ತನಗೊಂದು ಅಂದಾಜಿದೆ, ಆದರೆ ಅಂದಾಜು ಸಾಲದು. ಉಳಿದ ಸೊಪ್ಪು ತರಿಸಿದ್ದೇನೆ, ಬಂದು ನೋಡುತ್ತೀರಾ ಎಂದಳು. ಎಲೆಮೇಡಂಗೆ ಇಲ್ಲ ಅನ್ನಬೇಕೆನಿಸಿತು. ಆ ವರ್ಷ ಇಂಥ ಫೋನು ಅದು ಒಂಬತ್ತನೆಯದು. ಆದರೂ ಭೂತಗನ್ನಡಿ, ಎರಡು ಸೂಜಿ, ಚಿಮಟ, ಬಿಳಿ ತಟ್ಟೆ, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಮಂಡಿ ತನ್ನ ಅಭಿಪ್ರಾಯ ಹೇಳಿತು.

ವಾರ್ಡಿನಲ್ಲಿ ಗಂಡನ ಕೈಗಳನ್ನು ಬಟ್ಟೆಪಟ್ಟಿಯಿಂದ ಮಂಚದ ಸರಳಿಗೆ ಸಡಿಲವಾಗಿ ಕಟ್ಟಿದ್ದರು. ಆತ ಬಸ್ ಡಿಪೋದ ಮೆಕ್ಯಾನಿಕ್ಕು. ಮುಖ ಕೆಂಡದ ಹಾಗೆ ಕೆಂಪಾಗಿತ್ತು, ತುಟಿ ಒಣಗಿ ಬಿರಿದಿತ್ತು. ಕಣ್ಣಿನ ಪಾಪೆ ಎಷ್ಟು ಅಗಲವಾಗಿತ್ತೆಂದರೆ ಕಣ್ಣಿಗೆ ಬಣ್ಣವೇ ಉಳಿದಿರಲಿಲ್ಲ. ಕಟ್ಟಿದ ಕೈಯಲ್ಲೇ ಗಾಳಿಯಲ್ಲಿ ಏನನ್ನೋ ಹಿಡಿದು ತಿರುಗಿಸುತ್ತಿದ್ದ, ಬಿಗಿಯಾಗುತ್ತಿಲ್ಲವೆಂದು ಯಾರನ್ನೋ ಬೈಯುತ್ತಿದ್ದ. ಪಕ್ಕದ ಮಂಚದಲ್ಲಿ ಅವನ ಹೆಂಡತಿ. ಶಿಶುವಿಹಾರದಲ್ಲಿ ಆಯಾ ಕೆಲಸದವಳು. ಅವಳು ಸ್ವಲ್ಪವೇ ತಿಂದಿದ್ದಳಂತೆ, ಮಂಪರಿನಲ್ಲಿ ಮಲಗಿದ್ದಳು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಮೆಕ್ಯಾನಿಕ್ಕಿನ ಅಪ್ಪ ಕೂತಿದ್ದ. ಎಪ್ಪತ್ತೈದು ದಾಟಿದ ಅಜ್ಜ, ಅಗಲ ಹೆಗಲು, ಗೋಡೆಯ ಕಡೆ ತಿರುಗಿದ ಮುಖ. ನಲವತ್ತು ವರ್ಷ ಹಿಟ್ಟಿನ ಗಿರಣಿಯಲ್ಲಿ ದುಡಿದವನು. ಸೊಪ್ಪು ಕಿತ್ತು ತಂದವನು ಅವನೇ. ಅವನು ಮಾತ್ರ ಉಂಡಿರಲಿಲ್ಲ.

ಅದೇ ಈಗ ದೊಡ್ಡ ಮಾತಾಗಿತ್ತು. ಸೊಸೆಯ ಅಣ್ಣ, ಮನೆಗಳಿಗೆ ಬಣ್ಣ ಬಳಿಯುವವನು, ಉಗುರುಗಳಲ್ಲಿ ಹಸಿರು ಬಣ್ಣ ಮೆತ್ತಿಕೊಂಡೇ ಕೆಲಸದಿಂದ ಓಡಿ ಬಂದಿದ್ದ. ಪೊಲೀಸ್ ಪೇದೆಯೊಬ್ಬ ಪುಸ್ತಕ ಹಿಡಿದು ನಿಂತಿದ್ದ. ಹಿಂದಿನ ಸಂಜೆ ಮಾವನಿಗೂ ಸೊಸೆಗೂ ಮಾತಿಗೆ ಮಾತು ಬೆಳೆದು ಜಗಳವಾಗಿತ್ತು, ನಿನ್ನ ಕೈಯ ಊಟ ನನಗೆ ಬೇಡ ಎಂದು ಅಜ್ಜ ಕೂಗಿದ್ದು ಮೂರು ಮನೆಯಾಚೆಗೂ ಕೇಳಿತ್ತು. ಅಣ್ಣ ಇದನ್ನೆಲ್ಲ ಪೇದೆಗೆ ಎರಡೆರಡು ಸಲ ಹೇಳಿದ್ದ. ಪೇದೆ ಬಿಗಿ ಬೂಟಿನಿಂದ ಒಂದು ಕಾಲನ್ನು ಅರ್ಧ ಹೊರಗೆಳೆದು ನಿಂತು, ಗಿಡ ಯಾವುದೆಂದು ಗೊತ್ತಾಗಲಿ ಆಮೇಲೆ ನೋಡೋಣ ಎನ್ನುತ್ತಿದ್ದ.

ಔಷಧಿ ಬೆರೆಸುವ ಕೋಣೆಯಲ್ಲಿ ಡಾಕ್ಟರಮ್ಮ ಒಂದು ಸ್ಟೀಲ್ ಡಬ್ಬಿಯನ್ನೂ ಒಂದು ಪ್ಲಾಸ್ಟಿಕ್ ಚೀಲವನ್ನೂ ಮುಂದಿಟ್ಟಳು. ಡಬ್ಬಿಯಲ್ಲಿ ಬೆಂದು ಮುದ್ದೆಯಾದ ಸೊಪ್ಪು, ಚೀಲದಲ್ಲಿ ಕಸದಿಂದ ಆರಿಸಿದ ಹಸಿ ದಂಟುಗಳು. ಎಲೆಮೇಡಂ ಬಿಳಿ ತಟ್ಟೆಗೆ ನೀರು ಹಾಕಿ, ಬೆಂದ ಸೊಪ್ಪಿನ ಒಂದು ಚಮಚ ಅದರಲ್ಲಿ ತೇಲಿಬಿಟ್ಟರು. ಎರಡು ಸೂಜಿಗಳಿಂದ ಮಡಿಕೆಗಳನ್ನು ಬಿಡಿಸುತ್ತಾ ಬಂದರು. ಬೆಂದ ಎಲೆಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೂವಂತೂ ಮೊದಲೇ ಇಲ್ಲ. ಆದರೆ ಎಲೆ ತೊಟ್ಟಿಗೆ ಸೇರುವ ಜಾಗ ಅಷ್ಟು ಬೇಗ ಕರಗುವುದಿಲ್ಲ. ಒಂದು ಎಲೆಯ ಬುಡ ಬೆಣೆಯ ಹಾಗೆ ಕಿರಿದಾಗುತ್ತಾ ಎರಡೂ ಕಡೆ ಒಂದೇ ಸಮನಾಗಿ ತೊಟ್ಟಿಗಿಳಿದಿತ್ತು. ಇನ್ನೊಂದರ ಬುಡ ಓರೆ. ಒಂದು ಮಗ್ಗುಲು ಮೇಲೇ ನಿಂತಿತ್ತು, ಇನ್ನೊಂದು ಮಗ್ಗುಲು ಕೆಳಗಿನ ತನಕ ಇಳಿದಿತ್ತು. ಮತ್ತೊಂದು ಚಮಚ. ಮತ್ತೆ ಓರೆ. ಹಸಿ ದಂಟುಗಳಲ್ಲೂ ಎರಡು ಬಗೆ ಇತ್ತು: ಕೆಲವು ಏಣುಏಣಾಗಿ ಹಸಿರು ಕೆಂಪು ಗೆರೆಯವು, ಕೆಲವು ದುಂಡಗೆ ನುಣುಪಾದವು.

“ಒಂದು ಚಕ್ಕೋತ ಸೊಪ್ಪಿನ ಜಾತಿ. ಪಾಳುಜಾಗದಲ್ಲಿ ತಾನಾಗೇ ಹುಟ್ಟುತ್ತೆ, ತಿನ್ನಬಹುದು,” ಎಂದರು. “ಇನ್ನೊಂದು ಉಮ್ಮತ್ತಿ. ಎಳೇ ಗಿಡ. ಮೂರರಲ್ಲಿ ಒಂದು ಪಾಲು ಅದೇ ಇದೆ.”

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದಳು. ಅವಳ ಅಂದಾಜೂ ಅದೇ ಆಗಿತ್ತು, ಔಷಧಿಯೂ ಆ ದಾರಿಯಲ್ಲೇ ನಡೆದಿತ್ತು. ಇಬ್ಬರೂ ಉಳಿಯುತ್ತಾರೆ, ಗಂಡನಿಗೆ ಎರಡು ದಿನ ಬೇಕಾಗಬಹುದು ಎಂದು ಹೇಳಿ ಅಲ್ಲೇ ಕುರ್ಚಿಯ ಮೇಲೆ ಕುಸಿದಳು.

ಅಲ್ಲಿಗೆ ಎಲೆಮೇಡಂ ಚೀಲ ಹೆಗಲಿಗೇರಿಸಿ ಹೊರಟಿದ್ದರೆ ಆಗುತ್ತಿತ್ತು. ಆದರೆ ಕಾರಿಡಾರಿನಲ್ಲಿ ಸೊಸೆಯ ಅಣ್ಣ ಅಡ್ಡ ನಿಂತ.

“ಒಂದೇ ಮಾತು ಹೇಳಿ ಮೇಡಂ. ಎರಡೂ ನೋಡೋಕೆ ಒಂದೇ ಥರ ಇರುತ್ತಾ?”

“ಎಳೇದಿದ್ದಾಗ ದೂರದಿಂದ ಹಾಗೆ ಕಾಣುತ್ತೆ. ಹತ್ತಿರ ಹಿಡಿದು ನೋಡಿದರೆ ಇಲ್ಲ.”

“ಇಷ್ಟು ವರ್ಷದಿಂದ ಕೀಳೋನಿಗೆ ಗೊತ್ತಾಗಲ್ವಾ?”

ಎಲೆಮೇಡಂ ಕೇಳಿದ್ದಕ್ಕೆ ಉತ್ತರ ಕೊಟ್ಟರು. ತಿನ್ನುವ ಸೊಪ್ಪಿನ ಎಲೆಯ ಬೆನ್ನಿಗೆ ಬಿಳಿ ಹಿಟ್ಟು ಉದುರಿಸಿದ ಹಾಗಿರುತ್ತದೆ, ಉಮ್ಮತ್ತಿಗೆ ಅದಿಲ್ಲ. ಅದರ ಬುಡ ಓರೆ, ಕಾಂಡ ದುಂಡು, ಹೊಸಕಿದರೆ ಕೆಟ್ಟ ವಾಸನೆ. ಬಲ್ಲವನು ಒಂದೆರಡು ಎಲೆ ತಪ್ಪಬಹುದು, ಮೂರರಲ್ಲೊಂದು ಪಾಲು ತಪ್ಪುವುದು ಕಷ್ಟ. ಇಷ್ಟನ್ನೂ ತರಗತಿಯಲ್ಲಿ ಹೇಳುವ ಹಾಗೆ ಹೇಳಿ ಮುಗಿಸಿದ ಮೇಲೆ ಪೇದೆ ಬರೆದುಕೊಳ್ಳುತ್ತಿರುವುದು ಕಣ್ಣಿಗೆ ಬಿತ್ತು. ಅಣ್ಣ ಅಜ್ಜನ ಕಡೆ ತಿರುಗಿ, ಕೇಳಿಸಿತಾ ಎಂದ. ಅಜ್ಜ ಗೋಡೆಯಿಂದ ಮುಖ ತಿರುಗಿಸಲಿಲ್ಲ. ನಶ್ಯದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ ಅಷ್ಟೆ.

ಬೆಂಕಿಗೆ ತುಪ್ಪ ಸುರಿದಂತಾಯಿತಲ್ಲ ಎಂದು ಎಲೆಮೇಡಂಗೆ ಅನ್ನಿಸಿತು. ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಗಿಡದ ಬಗ್ಗೆ ಮಾತ್ರ ಹೇಳಿದ್ದೆ, ಮನುಷ್ಯನ ಬಗ್ಗೆಯಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರೂ ಅದು ನಿಲ್ಲಲಿಲ್ಲ. ಅಷ್ಟರಲ್ಲಿ ಪೇದೆ, ಸೊಪ್ಪು ಕಿತ್ತ ಜಾಗ ನೋಡಬೇಕು, ನೀವೂ ಬಂದರೆ ಉಪಕಾರ ಎಂದ. ಮನೆಗೆ ಹೋಗಿ ಕಾಲು ನೀಡಿ ಕೂರಬೇಕೆಂದು ಜೀವ ಬೇಡುತ್ತಿತ್ತು. ಆದರೂ ಜೀಪು ಹತ್ತಿದರು, ದಾರಿ ತೋರಿಸಲು ಅಜ್ಜನೂ ಹತ್ತಿದ.

ಅಜ್ಜನ ಮನೆಯಿಂದ ಮುನ್ನೂರು ಹೆಜ್ಜೆ ದೂರದಲ್ಲಿ, ಕಲ್ಲುಚಪ್ಪಡಿ ಕೊಯ್ಯುವ ಕಾರ್ಖಾನೆಯ ಹಿಂದೆ ಒಂದು ಖಾಲಿ ನಿವೇಶನವಿತ್ತು. ಒಡೆದ ಇಟ್ಟಿಗೆ, ಹಳೇ ಟೈರು, ಅವುಗಳ ನಡುವೆ ಮೊಣಕಾಲೆತ್ತರ ಕಳೆ. ಗೋಡೆಯಾಚೆ ಗರಗಸ ಕಲ್ಲಿಗೆ ಹತ್ತಿದಾಗಲೆಲ್ಲ ಹಲ್ಲು ಜುಮ್ಮೆನ್ನುವಂಥ ಸದ್ದು ಬರುತ್ತಿತ್ತು. ಪೇದೆ ಜೀಪಿನಲ್ಲೇ ಬೂಟು ಬಿಚ್ಚಿ ಕೂತ, ನೀವೇ ನೋಡಿಕೊಂಡು ಬನ್ನಿ ಎಂದ.

ಅಜ್ಜ ದಾರಿ ತಪ್ಪಲಿಲ್ಲ. ಗೋಡೆ ಹಿಡಿದು, ಕಂಬ ಮುಟ್ಟಿ, ನಾಲ್ಕು ಹೆಜ್ಜೆಗೆ ಎಡಕ್ಕೆ ತಿರುಗಿ ಸರಿಯಾಗಿ ಸೊಪ್ಪು ಬೆಳೆದ ಜಾಗಕ್ಕೇ ಬಂದು ನಿಂತ. ಎಷ್ಟು ಸಲ ನಡೆದಿದ್ದಾನೋ ಎಂದುಕೊಂಡರು ಎಲೆಮೇಡಂ. ನೆಲ ನೋಡಿದರು. ಎರಡೂ ಗಿಡ ಒಂದರ ಮಗ್ಗುಲಲ್ಲಿ ಒಂದು ಒತ್ತೊತ್ತಾಗಿ ಹುಟ್ಟಿದ್ದವು.

“ಹೇಗೆ ಕೀಳ್ತೀರಿ ಅಂತ ನನಗೆ ತೋರಿಸಿ ಅಜ್ಜ. ಒಂದು ಹಿಡಿ ಸಾಕು.”

ಅಜ್ಜ ಕುಕ್ಕರಗಾಲಲ್ಲಿ ಕೂತ. ಅವನ ಬೆರಳು ಗಿಡದ ತುದಿ ಹುಡುಕಿ, ಎಲೆಯ ಬೆನ್ನನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಚಿವುಟಿತು. ಮುಖ ಮಾತ್ರ ಆಚೆ ರಸ್ತೆಯ ಕಡೆಗಿತ್ತು. ಮೊದಲನೆಯದು ಒಳ್ಳೆಯದು, ಎರಡನೆಯದೂ ಒಳ್ಳೆಯದೇ. ಮೂರನೆಯದು ಉಮ್ಮತ್ತಿ. ಅದರ ಬೆನ್ನನ್ನೂ ಸವರಿದ, ಬೆರಳು ಒಂದು ಕ್ಷಣ ಅನುಮಾನಿಸಿತು, ಮತ್ತೆ ಸವರಿತು. ಹ್ಞೂಂ ಎಂದು ಅದನ್ನೂ ಚಿವುಟಿ ಹಿಡಿಯೊಳಗೆ ಸೇರಿಸಿದ.

ಎಲೆಮೇಡಂ ಮಾತಾಡದೆ ನೀರಿನ ಬಾಟಲಿಯನ್ನು ಅವನ ಮುಖದ ಮುಂದೆ ಹಿಡಿದರು. ಅಜ್ಜ ತೆಗೆದುಕೊಳ್ಳಲಿಲ್ಲ, ಬೇಡ ಅನ್ನಲೂ ಇಲ್ಲ. ಬಾಟಲಿ ಅಲ್ಲಿರುವುದೇ ಅವನಿಗೆ ಗೊತ್ತಿರಲಿಲ್ಲ.

“ಕಣ್ಣು ಹೀಗಾಗಿ ಎಷ್ಟು ದಿನ ಆಯ್ತು?” ಎಂದು ಕೇಳಿದರು.

ಅಜ್ಜ ಹಿಡಿಯಲ್ಲಿದ್ದ ಸೊಪ್ಪನ್ನು ನೆಲಕ್ಕೆ ಬಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. ಎರಡು ವರ್ಷ ಆಗಿತ್ತು. ಬಲಗಣ್ಣು ಪೂರ್ತಿ ಹೋಗಿತ್ತು, ಎಡಗಣ್ಣಿನಲ್ಲಿ ಹೊಗೆ ತುಂಬಿದ ಹಾಗೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೂಗು ನಶ್ಯಕ್ಕೆ ಮೊದಲೇ ಬಲಿಯಾಗಿತ್ತು. ಆದರೆ ಈ ಸೊಪ್ಪಿಗೆ ಅವರ ಮನೆಯಲ್ಲಿ ಹಿಟ್ಟುಸೊಪ್ಪು ಎಂದೇ ಹೆಸರು. ಹಿಟ್ಟು ಗುರುತಿಸಲು ಅವನಿಗೆ ಕಣ್ಣು ಬೇಕಿರಲಿಲ್ಲ. ಗಿರಣಿಯಲ್ಲಿ ಬೀಳುತ್ತಿರುವ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ, ಕಲ್ಲು ಇನ್ನು ಎಷ್ಟು ಇಳಿಸಬೇಕೆಂದು ಹೇಳುತ್ತಿದ್ದವನು ಅವನು.

“ಬೆನ್ನ ಮೇಲೆ ಹಿಟ್ಟಿದ್ರೆ ನಮ್ಮದು, ಇಲ್ಲದಿದ್ರೆ ಬಿಡೋದು. ಇದರಲ್ಲಿ ತಪ್ಪೋದು ಹೇಗೆ ತಾಯಿ?”

ಎಲೆಮೇಡಂ ಸುತ್ತ ನೋಡಿದರು. ಇಟ್ಟಿಗೆ ಬೂದುಬಣ್ಣಕ್ಕಿತ್ತು, ಟೈರು ಬೂದುಬಣ್ಣಕ್ಕಿತ್ತು. ಗಾಳಿ ಬೀಸಿದಾಗ ಗೋಡೆಯಾಚೆಯಿಂದ ತೆಳ್ಳಗೆ ಏನೋ ಹಾರಿ ಬಂದು ತುಟಿಗೆ ಹತ್ತುತ್ತಿತ್ತು. ಈ ಗರಗಸ ಯಾವಾಗ ಬಂತು ಎಂದು ಕೇಳಿದರು. ಹೋದ ತಿಂಗಳು, ಅದಕ್ಕೆ ಮೊದಲು ಇಲ್ಲಿ ಬರೀ ಗೋದಾಮಿತ್ತು ಎಂದ ಅಜ್ಜ.

ಅವರು ಅವನ ಪಕ್ಕದಲ್ಲೇ ಮಂಡಿಯೂರಿದರು. ಮಂಡಿ ನೋವಿಗೆ ಉಸಿರು ಹಿಡಿದು, ಎರಡು ಗಿಡದಿಂದ ಒಂದೊಂದು ಎಲೆ ಕಿತ್ತು, ಎರಡರ ಬೆನ್ನಿಗೂ ನೀರು ಹನಿಸಿದರು. ಹಿಟ್ಟುಸೊಪ್ಪಿನ ಮೇಲೆ ನೀರು ಹತ್ತದೆ ಗುಂಡಗೆ ಉರುಳಿ ಬಿತ್ತು. ಉಮ್ಮತ್ತಿಯ ಮೇಲೆ ಬೂದು ನೀರಾಗಿ ಹರಿದು, ಕೆಳಗಿನಿಂದ ಹಸಿರು ಎದ್ದು ಬಂತು. ಎರಡನ್ನೂ ಅವನ ಅಂಗೈಯಲ್ಲಿಟ್ಟರು. ತೊಳೆಯದ ಇನ್ನೊಂದು ಉಮ್ಮತ್ತಿ ಎಲೆಯನ್ನೂ ಕೊಟ್ಟು, ಈಗ ಮೆಲ್ಲಗೆ ಉಜ್ಜಿ ನೋಡಿ ಎಂದರು.

ಅಜ್ಜ ಬಹಳ ಹೊತ್ತು ಉಜ್ಜಿದ. ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಲು ಹೋದಾಗ ಎಲೆಮೇಡಂ ಕೈ ಹಿಡಿದು ತಡೆದರು.

“ಇದು ಹಿಟ್ಟಲ್ಲ,” ಎಂದ. “ಕಲ್ಲುಪುಡಿ. ಗಿರಣಿ ಕಲ್ಲಿಗೆ ಹೊಸದಾಗಿ ಉಳಿಯೇಟು ಹಾಕಿದ ದಿನ ಮೊದಲ ಹಿಟ್ಟಲ್ಲಿ ಹೀಗೇ ಗರಗರ ಸಿಗ್ತಿತ್ತು. ಅದನ್ನ ಯಾರಿಗೂ ಕೊಡ್ತಿರಲಿಲ್ಲ ನಾನು. ಪಕ್ಕಕ್ಕೆ ಚೆಲ್ಲಿಸ್ತಿದ್ದೆ.” ಬೆರಳ ತುದಿಯನ್ನು ಇನ್ನೊಮ್ಮೆ ಉಜ್ಜಿಕೊಂಡು ಹೇಳಿದ: “ನಿನ್ನೆ ಬೆರಳಿಗೆ ಗೊತ್ತಾಗಿತ್ತು, ಏನೋ ದೊರಗಾಗಿದೆ ಅಂತ. ಬಿಸಿಲಿಗೆ ಒಣಗಿದೆ ಅಂದ್ಕೊಂಡೆ.”

ಹಿಂದಿನ ಸಂಜೆಯ ಜಗಳವೂ ಕಣ್ಣಿನದೇ ಎಂದು ಆಗ ಬಾಯಿ ಬಿಟ್ಟ. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಡಲು ಹೋಗಿ ಅಂಚಿಗಿಟ್ಟಿದ್ದ. ಹಾಲೆಲ್ಲ ನೆಲದ ಪಾಲಾಗಿತ್ತು. ಕೆಲಸದಿಂದ ಆಗಷ್ಟೇ ಬಂದ ಸೊಸೆ, ಕಾಣದಿದ್ದರೆ ಒಂದು ಕಡೆ ಕೂತಿರಬಾರದೇ ಎಂದಿದ್ದಳು. ಅಷ್ಟಕ್ಕೇ ಇವನು ಊಟ ಬಿಟ್ಟಿದ್ದ.

“ಪೊಲೀಸಿನವರಿಗೆ ಕಣ್ಣಿನ ವಿಷಯ ಹೇಳಬೇಡ ತಾಯಿ,” ಎಂದ ಕೊನೆಗೆ. “ಸಿಟ್ಟಿನ ಮುದುಕ ಅಂತ ಬರ್ಕೊಳ್ಳಲಿ. ಸಿಟ್ಟಿನವನಿಗೆ ಜನ ಹೆದರ್ತಾರೆ, ದಾರಿ ಬಿಡ್ತಾರೆ. ಕುರುಡ ಅಂದ್ರೆ ಎತ್ತಿ ಮೂಲೇಲಿ ಇಡ್ತಾರೆ. ಒಲೆ ಮುಟ್ಟಬೇಡ, ಬಾಗಿಲು ದಾಟಬೇಡ ಅಂತಾರೆ.”

“ಸಿಟ್ಟು ಅಂತ ಬರೆದ್ರೆ ವಿಷ ಹಾಕಿದ ಅಂತ ಆಗುತ್ತೆ ಅಜ್ಜ. ಮಗನಿಗೆ, ಸೊಸೆಗೆ.”

ಅಜ್ಜ ಎಲೆಗಳನ್ನು ಕೆಳಗೆ ಹಾಕಿ, ಎರಡು ಕೈಯನ್ನೂ ಬಟ್ಟೆಗೆ ಒರೆಸಿಕೊಳ್ಳುತ್ತಲೇ ಇದ್ದ. ಎಲೆಮೇಡಂ ಎರಡೂ ಬಗೆಯ ಒಂದೊಂದು ಗಿಡವನ್ನು ಬೇರುಸಹಿತ ಕಿತ್ತು ಹಳೇ ಕಾಗದದ ನಡುವೆ ಇಟ್ಟುಕೊಂಡರು. ಏಳಲು ಅವರಿಗೆ ಆಸರೆ ಬೇಕಾಯಿತು. ಅಜ್ಜನ ಹೆಗಲನ್ನೇ ಹಿಡಿದು ಎದ್ದರು. ಅವನೂ ಅವರ ಕೈ ಹಿಡಿದೇ ಎದ್ದ. ಜೀಪಿನ ತನಕ ಯಾರು ಯಾರನ್ನು ನಡೆಸಿದರೋ.

ಆಸ್ಪತ್ರೆಗೆ ಮರಳುವಷ್ಟರಲ್ಲಿ ಇಳಿಹೊತ್ತಾಗಿತ್ತು. ದಾರಿಯುದ್ದಕ್ಕೂ ಎಲೆಮೇಡಂ ಏನು ಹೇಳುವುದೆಂದು ಯೋಚಿಸುತ್ತಲೇ ಇದ್ದರು. ಹೇಳಿದರೆ ಅಜ್ಜನ ಮಾನ ಹೋಗುತ್ತದೆ, ಹೇಳದಿದ್ದರೆ ಅಜ್ಜನೇ ಹೋಗುತ್ತಾನೆ. ಗಿಡವಾಗಿದ್ದರೆ ಒಂದು ಹಾಳೆ, ಒಂದು ಚೀಟಿ, ಅಲ್ಲಿಗೆ ಮುಗಿಯುತ್ತಿತ್ತು.

ವಾರ್ಡಿನಲ್ಲಿ ಸೊಸೆಗೆ ಎಚ್ಚರವಾಗಿತ್ತು. ದಿಂಬಿಗೊರಗಿ ಕೂತಿದ್ದಳು, ಅಣ್ಣ ಚಮಚದಿಂದ ನೀರು ಕುಡಿಸುತ್ತಿದ್ದ. ಗಂಡ ಪಕ್ಕದ ಮಂಚದಲ್ಲಿ ದಣಿದು ನಿದ್ದೆ ಹೋಗಿದ್ದ. ಪೇದೆ ಪುಸ್ತಕ ತೆರೆದು, ಏನಾಯಿತು ಹೇಳಿ ಎಂದು ಎಲೆಮೇಡಂ ಕಡೆ ನೋಡಿದ. ಅವರು ಬಾಯಿ ತೆರೆಯುವ ಮೊದಲೇ ಅಜ್ಜ ಮುಂದೆ ಬಂದ. ಸ್ವರ ಗಟ್ಟಿಯಾಗಿತ್ತು.

“ನನಗೆ ಸಿಟ್ಟಿತ್ತು. ಸೊಪ್ಪು ಕೀಳುವಾಗ ಸರಿಯಾಗಿ ನೋಡಲಿಲ್ಲ. ಬರ್ಕೊಳ್ಳಿ.”

“ಸೊಪ್ಪು ಕಿತ್ತಿದ್ದು ಜಗಳಕ್ಕೆ ಮೊದಲೋ ಆಮೇಲೋ?” ಎಂದ ಪೇದೆ.

ಅಜ್ಜ ತಡವರಿಸಿದ. ಅಣ್ಣ ಚಮಚ ಕೆಳಗಿಟ್ಟು ಎದ್ದು ನಿಂತ.

“ಮಾವ, ಸುಮ್ಮನಿರಿ,” ಎಂದಳು ಸೊಸೆ.

ನಾಲಿಗೆ ಒಣಗಿ ಮಾತು ಸರಿಯಾಗಿ ಬರುತ್ತಿರಲಿಲ್ಲ. ಎಲ್ಲರೂ ಹತ್ತಿರ ಬಾಗಬೇಕಾಯಿತು. ಮಾವನಿಗೆ ಕಣ್ಣು ಕಾಣುವುದಿಲ್ಲ, ಸೊಪ್ಪು ತಂದದ್ದು ಮಧ್ಯಾಹ್ನ, ಜಗಳ ಆದದ್ದು ಸಂಜೆ ಎಂದಳು. ಕಣ್ಣಿನ ವಿಷಯ ತನಗೆ ಒಂದೂವರೆ ವರ್ಷದಿಂದ ಗೊತ್ತು, ಗಂಡನಿಗೂ ಹೇಳಿಲ್ಲ ಎಂದಳು. ಲೋಟವನ್ನು ದಿನಾ ಒಂದೇ ಜಾಗದಲ್ಲಿಡುತ್ತಿದ್ದಳು, ಚಪ್ಪಲಿಯನ್ನು ಬಾಗಿಲ ಬಲಕ್ಕೇ ಜೋಡಿಸುತ್ತಿದ್ದಳು. ಅವರು ತಾವಾಗಿ ಹೇಳಲಿ ಎಂದು ಕಾದಿದ್ದಳು.

“ಅವರು ತಂದ ಸೊಪ್ಪನ್ನ ಹಿತ್ತಲಲ್ಲಿ ಕೂತು ಒಂದೊಂದೇ ಎಲೆ ಆರಿಸ್ತಿದ್ದೆ. ಮೊದಮೊದಲು ಒಂದೋ ಎರಡೋ ಬೇರೆ ಎಲೆ ಇರ್ತಿತ್ತು. ಈ ತಿಂಗಳು ಜಾಸ್ತಿ ಆಗಿತ್ತು. ತೆಗೆದು ಕಸದ ಕೆಳಗೆ ಹಾಕ್ತಿದ್ದೆ, ಅವರ ಕೈಗೆ ಸಿಗಬಾರದು ಅಂತ.” ನೀರಿಗೆ ಕೈ ಚಾಚಿದಳು. ಎರಡು ಗುಟುಕು ಕುಡಿದಳು. “ನಿನ್ನೆ ಆರಿಸಲಿಲ್ಲ.”

“ಯಾಕೆ?” ಎಂದ ಅಣ್ಣ.

“ಸುಸ್ತಾಗಿತ್ತು. ಮೂವತ್ತು ಮಕ್ಕಳ ಮೂಗು ಒರೆಸಿ ಬಂದಿದ್ದೆ. ಹಾಲು ಬೇರೆ ಚೆಲ್ಲಿತ್ತು. ಎಷ್ಟು ದಿನ ಅಂತ ಆರಿಸಲಿ ಅನ್ನಿಸ್ತು. ದಂಟು ಮುರಿದೆಸೆದು, ನೀರಲ್ಲಿ ಎರಡು ಸಲ ಅಲಸಿ ಪಾತ್ರೆಗೆ ಹಾಕಿಬಿಟ್ಟೆ, ಕಣ್ಣೆತ್ತಿ ನೋಡಲಿಲ್ಲ.”

ಅವಳು ಅಳಲಿಲ್ಲ, ಅಳುವಷ್ಟು ನೀರು ಮೈಯಲ್ಲಿರಲಿಲ್ಲವೇನೋ. ಅಣ್ಣ ಮಂಚದ ಅಂಚಿಗೆ ಕೂತು ತನ್ನ ಹಸಿರು ಉಗುರುಗಳನ್ನೇ ನೋಡತೊಡಗಿದ. ಅಜ್ಜ ನಿಂತಲ್ಲೇ ನಿಂತಿದ್ದ. ಎರಡು ವರ್ಷ ಮುಚ್ಚಿಟ್ಟದ್ದು ಬಹುಕಾಲದಿಂದ ಗುಟ್ಟಾಗಿರಲೇ ಇಲ್ಲವೆಂದು ಅವನಿಗೆ ಆಗ ಗೊತ್ತಾಯಿತು. ಕಿವಿಗಳು ಕೆಂಪಾಗಿದ್ದವು. ಸರಳು ಮುಟ್ಟಿಕೊಂಡು ಸೊಸೆಯ ಮಂಚದ ಹತ್ತಿರ ಬಂದ. ಈಗ ಮುಟ್ಟುವುದನ್ನು ಯಾರಿಂದಲೂ ಮರೆಮಾಡಲಿಲ್ಲ.

“ನಾನು ತಂದಿದ್ದನ್ನೆಲ್ಲ ಚೆಲ್ತಿದ್ದೆಯಾ?”

“ಇಲ್ಲ ಮಾವ. ಉಳಿದಿದ್ದೇ ಮೂವರಿಗೂ ಸಾಕಾಗ್ತಿತ್ತು.”

ಪೇದೆ ಪೆನ್ನಿನಿಂದ ಕಿವಿ ಕೆರೆದುಕೊಂಡ. ಹಾಗಾದರೆ ನಾನೀಗ ಏನಂತ ಬರೆಯಲಿ ಎಂದು ಎಲೆಮೇಡಂ ಅವರನ್ನೇ ಕೇಳಿದ. ಅವರು ನಿಧಾನವಾಗಿ ಹೇಳಿ ಬರೆಸಿದರು: ಎರಡು ಗಿಡಗಳು ಒಂದೇ ಜಾಗದಲ್ಲಿ ಬೆರೆತು ಬೆಳೆದಿದ್ದವು, ಕಲ್ಲಿನ ಧೂಳು ಎರಡರ ಮೇಲೂ ಕೂತು, ಮುಟ್ಟಿ ಗುರುತಿಸುವ ಲಕ್ಷಣ ಅಳಿಸಿಹೋಗಿತ್ತು, ಬೆಳಗ್ಗೆ ನಾನು ಹೇಳಿದ್ದು ಧೂಳಿಲ್ಲದ ಎಲೆಗೆ, ಕಣ್ಣು ಕಾಣುವವರಿಗೆ ಮಾತ್ರ ಸಲ್ಲುತ್ತದೆ. ಕೊನೆಯ ವಾಕ್ಯ ಬೇಕಾ ಎಂದ ಪೇದೆ. ಬೇಕು, ಅದು ನನ್ನ ತಪ್ಪು ಎಂದರು. ಸೊಸೆಯ ಅಣ್ಣ ದೂರು ಕೊಡುವ ಮಾತು ಮತ್ತೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಹೋಗಿ ಎರಡು ಲೋಟ ಚಹಾ ತಂದ. ಒಂದನ್ನು ಅಜ್ಜನ ಕೈಯನ್ನೇ ಹಿಡಿದು ಅದರೊಳಗಿಟ್ಟ.

ಎಲೆಮೇಡಂ ಮನೆ ಮುಟ್ಟಿದಾಗ ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ಅಕ್ಕನ ಪಾಲಿಗೆ ಭೂಮಿಯ ಮೇಲಿನ ಸಸ್ಯಗಳೆಲ್ಲ ಎರಡೇ ಜಾತಿ: ಅಡುಗೆಗೆ ಬರುವುದು, ಹುಲ್ಲು. ಕಾಲನ್ನು ಬಿಸಿನೀರಿಗೆ ಇಳಿಬಿಟ್ಟು ಕೂತು ತಂಗಿ ನಡೆದದ್ದನ್ನೆಲ್ಲ ಹೇಳಿದರು. ಅ‍ಕ್ಕ ಕೇಳುತ್ತಾ ಹೆಚ್ಚುವುದನ್ನು ನಿಲ್ಲಿಸಿದ್ದಳು.

“ನೀನಾಗಿದ್ರೆ ಅಷ್ಟು ದಿನ ಆರಿಸ್ತಿದ್ದೆಯಾ?” ಎಂದು ಕೇಳಿದಳು.

ಎಲೆಮೇಡಂ ಯೋಚಿಸಿದರು. “ಮೊದಲ ತಿಂಗಳು ಆರಿಸ್ತಿದ್ದೆ,” ಎಂದರು. “ಆಮೇಲಿಂದು ಗೊತ್ತಿಲ್ಲ ಅಕ್ಕ.”

ಮೂರನೇ ದಿನಕ್ಕೆ ಮೆಕ್ಯಾನಿಕ್ಕಿನ ಬುದ್ಧಿ ತಿಳಿಯಾಯಿತು. ಆ ಎರಡು ದಿನ ಯಾವ ಬಸ್ಸಿನ ನಟ್ಟು ಬಿಗಿಯುತ್ತಿದ್ದೆ ಎಂಬುದು ಅವನಿಗೆ ನೆನಪಿರಲಿಲ್ಲ. ಅಪ್ಪನ ಕಣ್ಣಿನ ವಿಷಯ ತಿಳಿದು ಹೆಂಡತಿಯ ಜೊತೆ ಒಂದು ದಿನ ಮಾತು ಬಿಟ್ಟನಂತೆ, ಆಮೇಲೆ ಅವನೇ ರಜೆ ಹಾಕಿ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬಲಗಣ್ಣಿಗೆ ಕಾಲ ಮೀರಿತ್ತು. ಎಡಗಣ್ಣಿನ ಪೊರೆ ತೆಗೆದರು. ಎಲೆಮೇಡಂ ಕಲ್ಲಿನ ಧೂಳಿನ ಬಗ್ಗೆ ಮೂರು ಪುಟದ ಕಾಗದ ಬರೆದು ಸಂಬಂಧಪಟ್ಟವರಿಗೆ ಕಳಿಸಿದರು. ತಲುಪಿದೆ ಎಂದು ಒಂದು ಸಾಲಿನ ಉತ್ತರ ಬಂತು.

ಮೆಕ್ಯಾನಿಕ್ಕಿನ ಮನೆಯ ಸುದ್ದಿಯನ್ನೆಲ್ಲ ಡಾಕ್ಟರಮ್ಮ ಎರಡು ತಿಂಗಳಾದ ಮೇಲೆ, ಬೇರೆ ಯಾವುದೋ ಬೀಜದ ವಿಷಯಕ್ಕೆ ಫೋನು ಮಾಡಿದಾಗ ಹೇಳಿದಳು. ಅಜ್ಜ ಈಗ ಸೊಪ್ಪಿಗೆ ಹೋಗುವುದಿಲ್ಲವಂತೆ. ಅಂಗಡಿಯಿಂದ ತಂದ ಸೊಪ್ಪನ್ನು ದಪ್ಪ ಕನ್ನಡಕ ಹಾಕಿಕೊಂಡು ಹಿತ್ತಲಲ್ಲಿ ಕೂತು ತಾನೇ ಆರಿಸುತ್ತಾನಂತೆ, ಅವನು ಆರಿಸುವಷ್ಟರಲ್ಲಿ ಊಟದ ಹೊತ್ತು ಮೀರುತ್ತದೆ ಎಂದು ಸೊಸೆ ಗೊಣಗುತ್ತಾಳಂತೆ. ಕೇಳಿ ಎಲೆಮೇಡಂಗೆ ನಗು ಬಂತು. ಬೀಜ ಎಷ್ಟು ದೊಡ್ಡದು, ಹೊಳಪಿದೆಯೋ ಇಲ್ಲವೋ, ಒಂದು ಕಡೆ ಮಚ್ಚೆಯಿದೆಯೋ ಎಂದು ಕೇಳಿದರು. ಅದೆಲ್ಲ ಗೊತ್ತಿಲ್ಲ, ನೀವೇ ಬಂದು ನೋಡಬೇಕು ಎಂದಳು ಡಾಕ್ಟರಮ್ಮ. ಅವರು ಹನ್ನೊಂದನೇ ಬೀರುವಿಗೆ ಬೀಗ ಹಾಕಿ ಚೀಲ ತೆಗೆದುಕೊಂಡರು.